ತುಂಡು ಬಟ್ಟೆ ಬಿನ್‌ಗೆ ಹೊಸ ಬಟ್ಟೆ ಯಾಕ್ರೀ?

ಎಲ್ರಿಗೂ ನಮಸ್ಕಾರ. ಇವತ್ತು ನೇರವಾಗಿ ವಿಷಯಕ್ಕೆ ಬರ್ತೀನಿ. ತುಂಡು ಬಟ್ಟೆಯಿಂದ ಸ್ಟೋರೇಜ್ ಬಿನ್ (ಸಾಮಾನು ತುಂಬಿಡೋ ಬಟ್ಟೆಯ ಪೆಟ್ಟಿಗೆ) ಹೊಲಿತೀವಿ ಅಂತ ಹೇಳಿ ಹೊಸ ಬಟ್ಟೆ, ಹೊಸ ಫೋಮ್, ಹೊಸ ಕ್ಯಾನ್ವಾಸ್ ಎಲ್ಲಾ ಕೊಂಡ್ಕೊಂಡು ಬರೋದು ನಂಗೆ ಸುತಾರಾಂ ಒಪ್ಪಿಗೆ ಇಲ್ಲ. ಹೊರಗಡೆ ಚಂದಕ್ಕೆ ನಾಲ್ಕು ತುಂಡು ಜೋಡಿಸಿ ಒಳಗಿರೋದೆಲ್ಲಾ ಹೊಸದೇ ಆದ್ರೆ, ಮನೇಲಿ ಬಿದ್ದಿರೋ ಕಟ್ ಪೀಸ್ ಮೂಟೆ ಕರಗೋದು ಯಾವಾಗ? ಬಿನ್ ನೆಟ್ಟಗೆ ನಿಲ್ಲೋದು ಹೊಸ ಸಾಮಾನಿಂದ ಅಲ್ಲ ಕಣ್ರೀ, ಹೊಲಿಗೆಯಿಂದ.

ಹೇಗೆ ಅಂದ್ರೆ, ಮೂರು ಪದರ ಬಟ್ಟೆನ ಸುಮ್ನೆ ಒಂದರ ಮೇಲೊಂದು ಇಟ್ಟು ಬಗ್ಗಿಸಿ ನೋಡಿ, ಪ್ರತಿ ಪದರಾನೂ ಜಾರ್ಕೊಂಡು ತನ್ನ ಪಾಡಿಗೆ ತಾನು ಬಗ್ಗುತ್ತೆ. ಅದೇ ಮೂರನ್ನ ಇಂಚಿಗೊಂದು ಗೆರೆ ಹೊಡೆದು ಹೊಲಿದ್ಬಿಟ್ರೆ ಜಾರೋಕೆ ಜಾಗ ಇರಲ್ಲ, ಮೂರೂ ಸೇರಿ ಒಂದೇ ರಟ್ಟಿನ ಥರ ಬಗ್ಗಬೇಕಾಗುತ್ತೆ, ಅದಕ್ಕೇ ಅದು ಗಡುಸಾಗೋದು. ಗೆರೆಗಳ ಮಧ್ಯದ ಅಂತರ ಅರ್ಧ ಇಂಚಿಗೆ ಇಳಿಸಿದ್ರೆ ಇನ್ನೂ ಗಟ್ಟಿ. ಹೀಗೆ ಪದರಗಳನ್ನ ಸೇರಿಸಿ ಗೆರೆ ಗೆರೆಯಾಗಿ ಹೊಲಿಯೋದೇ ಕ್ವಿಲ್ಟಿಂಗ್. ಅದು ಡಿಸೈನ್‌ಗೆ ಅಂತ ತುಂಬಾ ಜನ ಅನ್ಕೊಂಡಿದಾರೆ, ಬಿನ್ ವಿಷಯದಲ್ಲಿ ಅದೇ ಬೆನ್ನುಮೂಳೆ.

ಮಧ್ಯದ ಪದರಕ್ಕೆ ಸವೆದ ಟವೆಲ್ ಸಾಕು, ಫ್ಲಾನೆಲ್ (ಮೆತ್ತಗಿರೋ ದಪ್ಪ ಬಟ್ಟೆ) ಇದ್ರೆ ಅದು, ಇಲ್ಲಾಂದ್ರೆ ಹಳೇ ಬೆಡ್‌ಶೀಟ್ ಎರಡು ಪದರ. ತಳಕ್ಕೆ ಹಳೇ ಜೀನ್ಸ್ ಕಾಲಿಗಿಂತ ಒಳ್ಳೇದು ಸಿಗಲ್ಲ. ಹಳೇ ಬಟ್ಟೆಗೆ ಒಂದು ದೊಡ್ಡ ಲಾಭ ಇದೆ, ಅದು ಎಷ್ಟೋ ಸಲ ಒಗೆದು ಕುಗ್ಗೋದನ್ನ ಆಗ್ಲೇ ಕುಗ್ಗಿ ಮುಗಿಸಿರುತ್ತೆ, ಬಣ್ಣ ಬಿಡೋದನ್ನೂ ಬಿಟ್ಟಿರುತ್ತೆ. ಒಗೀದೇ ಇರೋ ಹೊಸ ಕಾಟನ್ ಮಧ್ಯೆ ಸೇರಿಸಿದ್ರೆ ಮೊದಲ ಒಗೆತಕ್ಕೇ ಅದೊಂದೇ ಮುದುಡ್ಕೊಳುತ್ತೆ. ಹಾಂ, ಟೀ ಶರ್ಟ್ ಬಟ್ಟೆ ಮಾತ್ರ ಬೇಡ, ಅದು ಹಿಗ್ಗುತ್ತೆ, ಬಿನ್ ಸೊಟ್ಟ ಆಗುತ್ತೆ.

ಈಗ ಸಣ್ಣ ಸಣ್ಣ ಪಟ್ಟಿಗಳ ವಿಷಯ, ಒಂದೂವರೆ ಇಂಚು ಅಗಲ ಇದ್ರೂ ಎಸೀಬೇಡಿ. ಟವೆಲ್ ತುಂಡನ್ನ ಹರಡಿ, ಕೆಳಗೆ ಒಂದು ಹಳೇ ಬಟ್ಟೆ ಇಡಿ, ಟವೆಲ್ ಮೇಲೆ ನಟ್ಟನಡುವೆ ಮೊದಲ ಪಟ್ಟಿ ಹೊರಮೈ ಮೇಲಕ್ಕೆ ಬರೋ ಹಾಗಿಡಿ, ಅದರ ಮೇಲೆ ಎರಡನೇ ಪಟ್ಟಿನ ಹೊರಮೈ ಕೆಳಕ್ಕೆ ಮಾಡಿ ಅಂಚಿಗೆ ಅಂಚು ಕೂಡಿಸಿ, ಕಾಲು ಇಂಚು ಬಿಟ್ಟು ಎಲ್ಲಾ ಪದರ ಸೇರಿಸಿ ಹೊಲಿಗೆ ಹಾಕಿ, ಆಮೇಲೆ ಆ ಪಟ್ಟಿ ತಿರುಗಿಸಿ ಇಸ್ತ್ರಿ ಒತ್ತಿ. ಮುಂದಿನ ಪಟ್ಟಿ, ಮತ್ತೆ ಅದೇ. ನಡುವಿಂದ ಎರಡೂ ಕಡೆಗೆ ಹೋಗ್ತಾ ಇರಿ. ಪಟ್ಟಿ ಜೋಡಿಸೋದು, ಕ್ವಿಲ್ಟ್ ಮಾಡೋದು ಎರಡೂ ಒಂದೇ ಹೊಲಿಗೇಲಿ ಮುಗೀತು! ನಂಗಂತೂ ಇಡೀ ಕೆಲಸದಲ್ಲಿ ಇಷ್ಟ ಆಗೋ ಭಾಗ ಇದೇ. ಸೂಜಿ 90 ಇಲ್ಲಾ 100 ನಂಬರ್ ಹಾಕಿ, ಹೊಲಿಗೆ ಉದ್ದ 3 ಮಿ.ಮೀ. ಇಟ್ಕೊಳಿ, ವಾಕಿಂಗ್ ಫುಟ್ (ಮೇಲಿನ ಪದರಾನೂ ಜೊತೆಗೇ ಮುಂದಕ್ಕೆ ತಳ್ಳೋ ಮೆಷಿನ್ ಪಾದ) ಇದ್ರೆ ಪದರ ಜಾರಲ್ಲ, ಇಲ್ಲಾಂದ್ರೆ ಪಿನ್ ಜಾಸ್ತಿ ಹಾಕಿ ನಿಧಾನಕ್ಕೆ ಹೊಲೀರಿ.

ಅಳತೆ ವಿಷಯಕ್ಕೆ ಬಂದ್ರೆ, ದಯವಿಟ್ಟು ಮೊದಲು ಬಿನ್ ಇಡೋ ಶೆಲ್ಫ್ ಅಳೀರಿ. ಉದ್ದ, ಅಗಲ, ಎತ್ತರ ಮೂರೂ 8 ಇಂಚು ಬೇಕು ಅನ್ಕೊಳಿ. ಉದ್ದ 8, ಅಗಲ 8, ಎರಡೂ ಬದಿಯ ಮಾರ್ಜಿನ್‌ಗೆ (ಹೊಲಿಗೆಗೆ ಬಿಡೋ ಅಂಚಿಗೆ) 1, ಒಟ್ಟು 17. ಎತ್ತರಕ್ಕೆ 8, ಅಗಲದ ಅರ್ಧ 4, ಮಾರ್ಜಿನ್ 1, ಒಟ್ಟು 13. ಈ 17ಕ್ಕೆ 13ರ ಪ್ಯಾನೆಲ್ ಎರಡು ಬೇಕು. ಕ್ವಿಲ್ಟ್ ಮಾಡ್ದಾಗ ಬಟ್ಟೆ ಸ್ವಲ್ಪ ಒಳಕ್ಕೆ ಎಳ್ಕೊಳುತ್ತೆ, ಹಾಗಾಗಿ 18ಕ್ಕೆ 14 ಮಾಡ್ಕೊಂಡು ಕ್ವಿಲ್ಟ್ ಆದ್ಮೇಲೇ ಅಳತೆಗೆ ಕತ್ತರಿಸಿ. ಕೆಳಗಿನ ಎರಡು ಮೂಲೇಲೂ 4 ಇಂಚಿನ ಚೌಕ ತೆಗೀರಿ, ಅಂದ್ರೆ ಯಾವಾಗ್ಲೂ ಅಗಲದ ಅರ್ಧ. ಎರಡು ಬದಿ, ತಳ ಹೊಲಿದು, ಆ ಚೌಕದ ಬಾಯಿ ಎಳೆದು ಬದಿಯ ಹೊಲಿಗೆನ ತಳದ ಹೊಲಿಗೆ ಮೇಲೆ ಕೂರಿಸಿ ಅಡ್ಡ ಹೊಲಿದ್ರೆ ಪೆಟ್ಟಿಗೆ ಆಕಾರ ಬರುತ್ತೆ, ಎಲ್ಲಾ ಕಡೆ ಅರ್ಧ ಇಂಚು ಮಾರ್ಜಿನ್ ಅಷ್ಟೇ, ಹೆಚ್ಚುಕಮ್ಮಿ ಮಾಡ್ಬೇಡಿ. ಮಾರ್ಜಿನ್ ಒಳಗಿರೋ ಟವೆಲ್‌ನ ಕತ್ತರಿಸಿ ತೆಗೀರಿ, ಇಲ್ಲಾಂದ್ರೆ ಮೂಲೆ ಗಂಟು ಗಂಟಾಗಿ ಬಿನ್ ಅಲ್ಲಾಡುತ್ತೆ.

ಲೈನಿಂಗ್ (ಒಳಗಿನ ಅಸ್ತರು) ಕೂಡ ಇದೇ ಅಳತೇಲಿ ಹೀಗೇ ಹೊಲೀರಿ, ಬದಿ ಹೊಲಿಗೆನ ಮಾತ್ರ ಕೂದಲೆಳೆಯಷ್ಟು ಒಳಕ್ಕೆ ಹಾಕಿ, ಒಳಗೆ ಸುಕ್ಕು ಬರಲ್ಲ. ಲೈನಿಂಗ್ ತಳದಲ್ಲಿ 5 ಇಂಚು ಹೊಲೀದೇ ಬಿಟ್ಟು, ಹೊರಮೈಗಳು ಎದುರುಬದುರಾಗೋ ಹಾಗೆ ಬಿನ್‌ನ ಅದರೊಳಗೆ ಕೂರಿಸಿ, ಎರಡನ್ನೂ ಬಾಯಿ ಸುತ್ತ ಕೂಡಿಸಿ ಹೊಲಿದು, ಆ ಸಂದಿಯಿಂದ ಇಡೀ ಬಿನ್ ಹೊರಗೆ ಎಳೆದು, ಸಂದಿ ಮುಚ್ಚಿ, ಬಾಯಿ ಅಂಚಿಗೆ ಇನ್ನೊಂದು ಸುತ್ತು ಹೊಲಿಗೆ.

ಫೋಮ್ ಯಾವತ್ತೂ ಬೇಡ್ವಾ ಅಂತ ಕೇಳಿದ್ರೆ, ಮೊಣಕಾಲೆತ್ತರದ ಬಿನ್ ಹೊಲಿದು ಅದನ್ನ ಖಾಲಿ ಇದ್ದಾಗ್ಲೂ ನೆಟ್ಟಗೆ ನಿಲ್ಲಿಸ್ಬೇಕು ಅಂದ್ರೆ ತಗೊಳಿ, ಅಲ್ಲಿ ಟವೆಲ್ ಸಾಲಲ್ಲ. ಶೆಲ್ಫ್‌ನಲ್ಲಿ ದಾರ, ಆಟಿಕೆ, ಸಾಕ್ಸ್ ಇಡೋ 8 ಇಂಚಿನ ಬಿನ್‌ಗೆ ಖಂಡಿತ ಬೇಡ.