ಹಣಕ್ಕೆ ಮಳೆಯೆಂದು ಹೆಸರಿಟ್ಟ ನಾಡು

ಕೇಳುಗರಿಗೆಲ್ಲ ನಮಸ್ಕಾರ.

ನಮಗೆ ರೂಪಾಯಿ ಇದ್ದಂತೆ ಆಫ್ರಿಕಾದ ಬೋಟ್ಸ್ವಾನಾದವರಿಗೆ ಪುಲಾ. ಅವರ ಭಾಷೆಯಲ್ಲಿ ಪುಲಾ ಎಂದರೆ ಮಳೆ. ದೇಶದ ಬಹುಪಾಲು ಕಲಹಾರಿಯ ಮರಳು. ಮುಗಿಲು ನೋಡಿ ಬಿತ್ತುವ ನಮ್ಮ ಬಯಲುಸೀಮೆಯವರಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

1966ರ ಸೆಪ್ಟೆಂಬರ್ 30ರಂದು ಬ್ರಿಟಿಷರು ಹೊರಟಾಗ ಅಲ್ಲಿ ಉಳಿದದ್ದು ಬರದಲ್ಲಿ ಬಡಕಲಾದ ದನಗಳು, ಸುಮಾರು 12 ಕಿಲೋಮೀಟರ್ ಡಾಂಬರು ರಸ್ತೆ, ಇಪ್ಪತ್ತು ಚಿಲ್ಲರೆ ಪದವೀಧರರು. ಆಡಳಿತ ಕಚೇರಿಗಳು ಅದಕ್ಕೆ ಸ್ವಲ್ಪ ಮುಂಚಿನವರೆಗೂ ಗಡಿಯಾಚೆ, ದಕ್ಷಿಣ ಆಫ್ರಿಕಾದ ಊರೊಂದರಲ್ಲಿ ಇದ್ದವು. ರಾಜಧಾನಿ ಗ್ಯಾಬರೋನನ್ನು ಹೊಸದಾಗಿಯೇ ಕಟ್ಟಬೇಕಾಯಿತು.

ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ವಜ್ರ ಸಿಕ್ಕ ದೇಶಗಳೆಲ್ಲ ಉದ್ಧಾರವಾಗಿಲ್ಲ. ಸಿಯೆರಾ ಲಿಯೋನ್‌ನಲ್ಲಿ ಇದೇ ಕಲ್ಲು ಮಾರಿದ ದುಡ್ಡು ಹನ್ನೊಂದು ವರ್ಷದ ಅಂತರ್ಯುದ್ಧಕ್ಕೆ ಬಂದೂಕು ಒದಗಿಸಿತು.

ಬೋಟ್ಸ್ವಾನಾದಲ್ಲಿ ನೆಲದಡಿಯ ಹಕ್ಕು ಮೊದಲು ಆಯಾ ಬುಡಕಟ್ಟಿನದಾಗಿತ್ತು. ಒರಾಪಾ ಇದ್ದದ್ದು ಬಮಂಗ್ವಾಟೋ ಜನರ ಸೀಮೆಯಲ್ಲಿ. ದೇಶದ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅದೇ ಬುಡಕಟ್ಟಿನ ಅರಸುಮನೆತನದವರು. ಅವರ ಸರ್ಕಾರ ತಂದ 1967ರ ಗಣಿ ಕಾಯ್ದೆ ಆ ಹಕ್ಕನ್ನು ಇಡೀ ದೇಶಕ್ಕೆ ಬರೆಯಿತು. ಹಿತ್ತಲಲ್ಲಿ ಸಿಕ್ಕ ಕೊಪ್ಪರಿಗೆಯನ್ನು ಊರ ಲೆಕ್ಕಕ್ಕೆ ಜಮಾ ಮಾಡಿದ ಹಾಗೆ! ಒರಾಪಾ ಗಣಿ ಶುರುವಾದದ್ದು 1971ರಲ್ಲಿ. ಅಂದರೆ ದುಡ್ಡು ಕಣ್ಣಿಗೆ ಬೀಳುವ ಮೊದಲೇ ಅದು ಯಾರದೆಂಬ ತಕರಾರು ತೀರಿತ್ತು. ನನ್ನನ್ನು ಕೇಳಿದರೆ, ಕಥೆಯ ಜೀವ ಇರುವುದು ಆ ನಾಲ್ಕು ವರ್ಷಗಳಲ್ಲೇ. ದುಡ್ಡು ಬಂದ ಮೇಲೆ ಕಾಯ್ದೆ ಬರೆಯಲು ಕೂತಿದ್ದರೆ ಬರೆಯುವ ಕೈಯನ್ನು ಹಿಡಿದೆಳೆಯಲು ಎಷ್ಟು ಕೈಗಳು ಬರುತ್ತಿದ್ದವೋ!

ಗಣಿ ತೆಗೆದದ್ದು ಡಿ ಬಿಯರ್ಸ್ ಕಂಪನಿ. ಗಣಿಯಲ್ಲಿ ಸರ್ಕಾರದ ಪಾಲು ಮೊದಲು ನೂರಕ್ಕೆ 15. ಗಣಿ ಎಷ್ಟು ದೊಡ್ಡದೆಂದು ಗೊತ್ತಾದ ಮೇಲೆ ಮತ್ತೆ ಮಾತಿಗೆ ಕೂತು, 1975ರಲ್ಲಿ ಅದನ್ನು 50ಕ್ಕೆ ಏರಿಸಿಕೊಂಡರು. ಆ ಹಣ ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಹೋಯಿತು. ಮಿಕ್ಕದ್ದನ್ನು ಮುಂದಿನ ತಲೆಮಾರಿಗೆಂದು ಪುಲಾ ನಿಧಿಯಲ್ಲಿ ಕೂಡಿಟ್ಟರು. ಏಡ್ಸ್ ಮನೆಮನೆಯನ್ನೂ ತಟ್ಟಿದಾಗ, 2002ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತವಾಗಿ ಸಿಕ್ಕಿತು.

ಇಂಥ ನಡವಳಿಕೆ ಎಲ್ಲಿಂದ ಬಂತು? ಅಲ್ಲಿನ ಹಳ್ಳಿಗಳಲ್ಲಿ ಕ್ಗೋಟ್ಲಾ ಎಂಬ ಸಭೆಯಿದೆ, ನಮ್ಮ ಊರಕಟ್ಟೆಯ ಹಾಗೆ. ಮುಖ್ಯಸ್ಥ ಕೂತು ಎಲ್ಲರ ಮಾತು ಕೇಳಿಸಿಕೊಳ್ಳಬೇಕು. ಅರಸ ಅರಸನಾಗುವುದು ಜನರಿಂದ ಎಂಬ ಗಾದೆಯೇ ಅವರಲ್ಲಿದೆ. ಹೆಂಗಸರಿಗೆ ಮಾತ್ರ ಆ ಸಭೆಯಲ್ಲಿ ಬಹುಕಾಲ ಬಾಯಿರಲಿಲ್ಲ. ಹೊಗಳುವವರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಹಾಗೆಯೇ ಇನ್ನೊಂದನ್ನೂ ಬಿಡುತ್ತಾರೆ. ವಜ್ರ ಅಗೆಯುವುದು ದೈತ್ಯ ಯಂತ್ರಗಳು. ಆಳುಗಳು ಬೇಕಾಗುವುದು ಕಡಿಮೆ. ಖಜಾನೆ ತುಂಬಿತು, ಓದಿದ ಹುಡುಗರಿಗೆ ಕೆಲಸ ಹುಟ್ಟಲಿಲ್ಲ. ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳಲ್ಲಿ ಅದೂ ಒಂದು. ದುಡ್ಡನ್ನು ಜೋಪಾನ ಮಾಡಬಲ್ಲ ಸರ್ಕಾರ ಉದ್ಯೋಗವನ್ನೂ ಬೆಳೆಸಬಲ್ಲದು ಎಂದು ನಾವು ಸುಮ್ಮನೆ ನಂಬಿಬಿಡುತ್ತೇವೆ. ಅವು ಬೇರೆ ಬೇರೆ ವಿದ್ಯೆಗಳು.

ಈಗ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಅಗ್ಗಕ್ಕೆ ಸಿಗುತ್ತಿದೆ. ಗಣಿಯ ಕಲ್ಲಿಗೆ ಗಿರಾಕಿ ಕಡಿಮೆಯಾಗಿದ್ದಾರೆ. 2024ರ ಅಕ್ಟೋಬರಿನಲ್ಲಿ, ಸ್ವಾತಂತ್ರ್ಯ ಬಂದಾಗಿನಿಂದ ಆಳಿದ ಪಕ್ಷ ಮೊದಲ ಸಲ ಸೋತಿತು. ಎಣಿಕೆ ಪೂರ್ತಿ ಮುಗಿಯುವ ಮೊದಲೇ ಅಧ್ಯಕ್ಷ ಮಸೀಸಿ ಸೋಲೊಪ್ಪಿಕೊಂಡು, ಡುಮಾ ಬೋಕೋ ಅವರಿಗೆ ಜಾಗ ಬಿಟ್ಟರು. ಗುಂಡು ಹಾರಲಿಲ್ಲ, ಬೆಂಕಿ ಬೀಳಲಿಲ್ಲ. ಬೋಕೋ ಕೈಗೆ ಬಂದ ಖಜಾನೆ ಮಾತ್ರ ಸೊರಗಿತ್ತು. 2025ರ ಆಗಸ್ಟಿನಲ್ಲಿ ಆಸ್ಪತ್ರೆಗಳಲ್ಲಿ ಔಷಧ ಮುಗಿಯುತ್ತ ಬಂದು, ಅವರು ಆರೋಗ್ಯ ತುರ್ತುಸ್ಥಿತಿ ಸಾರಿದರು. ಔಷಧ ಹಂಚುವ ಉಸ್ತುವಾರಿಯನ್ನು ಸೈನ್ಯಕ್ಕೆ ವಹಿಸಿದರು.

ನಮಸ್ಕಾರ.