ಸುಳ್ಳು ಹೆಸರಿನಲ್ಲಿ ಬಂದ ಎರಡನೇ ಭಾಗ

ಕೇಳುಗರಿಗೆ ನಮಸ್ಕಾರ. ಒಂದು ಸಿನಿಮಾ ಓಡಿದರೆ ನಿರ್ಮಾಪಕ ಸುಮ್ನೆ ಕೂರುವುದಿಲ್ಲ, ಎರಡನೇ ಭಾಗಕ್ಕೆ ಕೈ ಹಾಕುತ್ತಾನೆ. ಆಸ್ಟ್ರೇಲಿಯಾದಲ್ಲೂ ಹಾಗೇ ಆಯಿತು. ಇವತ್ತಿನ ಮಾತು 1977ರ ‘ಫ್ಯಾಂಟಸಂ ಕಮ್ಸ್ ಅಗೇನ್’ ಬಗ್ಗೆ. ಅದು ದೊಡ್ಡವರ ಚಿತ್ರ, ಕಾಮವೇ ಅದರ ಸರಕು. ಗಾಬರಿ ಬೇಡ, ನಾನು ಹೇಳಹೊರಟಿರುವುದು ಕಾಸಿನ ಕಥೆ.

1971ರ ಕೊನೆಗೆ ಅಲ್ಲಿ ‘ಆರ್’ ಸರ್ಟಿಫಿಕೇಟ್ ಬಂತು. ಅದುವರೆಗೆ ಕತ್ತರಿಗೆ ಸಿಗುತ್ತಿದ್ದ ದೃಶ್ಯಗಳನ್ನು 18 ತುಂಬಿದವರಿಗೆ ತೋರಿಸಬಹುದಾಯಿತು. ಮೆಲ್ಬರ್ನ್‌ನ ನಿರ್ಮಾಪಕ ಆಂಟನಿ ಗಿನ್ನೇನ್ ಇದರಲ್ಲಿ ವ್ಯಾಪಾರ ಕಂಡರು. 1976ರಲ್ಲಿ ‘ಫ್ಯಾಂಟಸಂ’ ಬಂತು. ಖರ್ಚು ಸುಮಾರು 50,000 ಡಾಲರ್, 16 ಎಂಎಂ ಕ್ಯಾಮೆರಾ. ಬಹುಪಾಲು ಶೂಟಿಂಗ್ ನಡೆದದ್ದು ಲಾಸ್ ಏಂಜಲೀಸ್‌ನಲ್ಲಿ. ಆಸ್ಟ್ರೇಲಿಯಾದ ಚಿತ್ರಕ್ಕೆ ಅಮೆರಿಕ ಯಾಕೆ ಅಂತೀರಾ? ಇಂಥ ಪಾತ್ರಗಳಲ್ಲಿ ಪಳಗಿದ ನಟನಟಿಯರು ಅಲ್ಲಿ ಸುಲಭವಾಗಿ ಸಿಗುತ್ತಿದ್ದರು. ಕ್ವೀನ್ಸ್‌ಲ್ಯಾಂಡ್ ರಾಜ್ಯ ಚಿತ್ರವನ್ನು ನಿಷೇಧಿಸಿತು. ಉಳಿದ ಕಡೆ ಹಾಕಿದ ದುಡ್ಡು ಚೆನ್ನಾಗಿಯೇ ವಾಪಸಾಯಿತು. ಮತ್ತೊಂದು ಭಾಗ ಬರದೇ ಇರುತ್ತದಾ?

ಮೊದಲ ಭಾಗದಲ್ಲಿ ಒಬ್ಬ ಜರ್ಮನ್ ಪ್ರೊಫೆಸರ್ ಇದ್ದ. ಹೆಂಗಸರ ಕನಸುಗಳ ಬಗ್ಗೆ ಪಾಠ ಹೇಳುವ ನೆಪದಲ್ಲಿ ಒಂದೊಂದೇ ತುಣುಕು ತೋರಿಸುತ್ತಿದ್ದ. ಎರಡನೆಯದರಲ್ಲಿ ಅವನ ಜಾಗಕ್ಕೆ ಪತ್ರಿಕಾ ಕಚೇರಿ ಬಂತು. ಇಬ್ಬರು ಪತ್ರಕರ್ತರು, ಸಲಹೆ ಕೇಳಿ ಓದುಗರು ಬರೆದ ಕಾಗದಗಳ ರಾಶಿ. ಒಂದು ಕಾಗದ ಒಡೆದು ಓದುತ್ತಾರೆ, ಕ್ಯಾಮೆರಾ ಅಮೆರಿಕಕ್ಕೆ ಹಾರುತ್ತದೆ. ಮುಗಿದ ಮೇಲೆ ಮತ್ತೆ ಅದೇ ಮೇಜು. ಕಡಿಮೆ ಕಾಸಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಕಚೇರಿಯ ನಟರು ಅಮೆರಿಕದವರ ಮುಖವನ್ನೂ ನೋಡಬೇಕಿಲ್ಲ. ಎಲ್ಲೋ ಒಂದು ಕಡೆ ಸೆನ್ಸಾರ್‌ನವರು ಒಂದು ತುಣುಕು ಕಿತ್ತರೂ ಕಥೆ ಬೀಳುವುದಿಲ್ಲ. ಬೀಳೋಕೆ ಕಥೆ ಇದ್ದರೆ ತಾನೇ!

ಸಿನಿಮಾ ಆಗಿ ಎರಡನೆಯದು ಸಪ್ಪೆ. ಪ್ರೊಫೆಸರನ ತಮಾಷೆಯಾದರೂ ಮೊದಲನೆಯದಕ್ಕೆ ಇತ್ತು, ಇಲ್ಲಿ ಕಚೇರಿಯ ಮಾತು ಜಾಸ್ತಿಯಾಗಿ ಎಳೆಯುತ್ತದೆ. ಹಾಗಂತ ಮೊದಲನೆಯದನ್ನು ಹೊಗಳುವ ಹಾಗೂ ಇಲ್ಲ. ಬಲಾತ್ಕಾರವನ್ನೂ ‘ಕನಸು’ ಅಂತ ಮಾರಿದ ತುಣುಕು ಅದರಲ್ಲಿದೆ, ಅಸಹ್ಯ ಅನ್ನಿಸುತ್ತದೆ.

ನಿರ್ದೇಶಕರು ಹೆಸರು ಮುಚ್ಚಿಟ್ಟದ್ದು ಸಹಜವೇ. ಮೊದಲನೆಯದನ್ನು ತೆಗೆದ ರಿಚರ್ಡ್ ಫ್ರಾಂಕ್ಲಿನ್ ಪರದೆಯ ಮೇಲೆ ‘ರಿಚರ್ಡ್ ಬ್ರೂಸ್’ ಆದರು. ಎರಡನೆಯದರ ಕಾಲಿನ್ ಎಗಲ್‌ಸ್ಟನ್ ‘ಎರಿಕ್ ರ್‍ಯಾಮ್’ ಆದರು. ಎಗಲ್‌ಸ್ಟನ್ ಟೀವಿ ಧಾರಾವಾಹಿಗಳಲ್ಲಿ ದುಡಿದು ಬಂದವರು.

1978ರಲ್ಲಿ ಎಗಲ್‌ಸ್ಟನ್ ‘ಲಾಂಗ್ ವೀಕೆಂಡ್’ ತೆಗೆದರು, ಈ ಸಲ ಸ್ವಂತ ಹೆಸರಿನಲ್ಲಿ. ಸಮುದ್ರತೀರದಲ್ಲಿ ಬಿಡಾರ ಹೂಡಿದ ಗಂಡ ಹೆಂಡತಿಯ ಮೇಲೆ ಕಾಡೇ ತಿರುಗಿಬೀಳುವ ಚಿತ್ರ ಅದು. ಆಸ್ಟ್ರೇಲಿಯಾದ ಭಯದ ಚಿತ್ರಗಳ ಮಾತು ಬಂದಾಗ ಅದರ ಹೆಸರು ಬಂದೇ ಬರುತ್ತದೆ. ಎರಡನೇ ಭಾಗಕ್ಕೆ ಬಾರದ ಫ್ರಾಂಕ್ಲಿನ್ ಅದೇ ವರ್ಷ ಗಿನ್ನೇನ್ ಜೊತೆ ‘ಪ್ಯಾಟ್ರಿಕ್’ ಮಾಡಿದರು. ಆಮೇಲೆ ಹಾಲಿವುಡ್ ಕರೆಯಿತು. 1983ರಲ್ಲಿ ಅಲ್ಲಿ ಅವರು ತೆಗೆದದ್ದು ‘ಸೈಕೋ 2’, ಹಿಚ್‌ಕಾಕ್ ಚಿತ್ರದ ಎರಡನೇ ಭಾಗ. ನಮಸ್ಕಾರ.