ಕಲಬುರಗಿಯ ಬಿಸಿಲು, ಧೂಳು, ಕರೆಂಟ್ ಮತ್ತು ನಿಮ್ಮ ಮನೆಯ ಹಾರ್ಡ್ ಡಿಸ್ಕ್

ದೃಶ್ಯ: ಮೇಜಿನ ಮೇಲೆ ಮುಚ್ಚಳ ತೆಗೆದ, ಕೆಟ್ಟುಹೋದ ಹಾರ್ಡ್ ಡಿಸ್ಕ್. ಕನ್ನಡಿಯಂತೆ ಹೊಳೆಯುವ ತಟ್ಟೆ, ಅದರ ಮೇಲೆ ಚಾಚಿದ ಸಣ್ಣ ತೋಳು.

ಶರಣು ಶರಣಾರ್ಥಿ. ನೀವು ನೋಡುತ್ತಿರುವ ಈ ಡಿಸ್ಕ್ ನಮ್ಮ ಮನೆಯದೇ. ಮೇ ತಿಂಗಳ ಒಂದು ಮಧ್ಯಾಹ್ನ ಫೋಟೊಗಳನ್ನು ನಕಲು ಮಾಡುತ್ತಿದ್ದಾಗ ಕರೆಂಟ್ ಎರಡು ಸಲ ಹೋಗಿ ಬಂತು. ಆಮೇಲೆ ಇದು ಟಕ್ ಟಕ್ ಎಂದು ಸದ್ದು ಮಾಡತೊಡಗಿತು, ವಿಂಡೋಸ್ ತೆರೆಯಲೇ ಇಲ್ಲ. ತಂಗಿಯ ಮದುವೆಯ ಫೋಟೊಗಳು ಅದರೊಂದಿಗೇ ಹೋದವು. ಅದಕ್ಕೂ ಎರಡು ತಿಂಗಳ ಮೊದಲಿನಿಂದ ಕಂಪ್ಯೂಟರ್ ನಿಧಾನವಾಗಿತ್ತು, ನಾವು ವೈರಸ್ ಇರಬಹುದೆಂದು ಭಾವಿಸಿ ಸುಮ್ಮನಿದ್ದೆವು. ಡಿಸ್ಕ್ ತನ್ನ ಕಾಯಿಲೆಯನ್ನು ಆಗಲೇ ದಾಖಲಿಸಿಕೊಳ್ಳುತ್ತಿತ್ತು, ಅದನ್ನು ಓದುವ ಬಗೆ ನಮಗೆ ತಿಳಿದಿರಲಿಲ್ಲ. ಆ ಬಗೆಯನ್ನು ಹೇಳುವುದಕ್ಕಾಗಿಯೇ ಈ ವಿಡಿಯೋ.

ಮೊದಲು ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120 ಸುತ್ತು. ತೋಳಿನ ತುದಿಯಲ್ಲಿರುವ, ಮಾಹಿತಿಯನ್ನು ಓದಿ ಬರೆಯುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ತಟ್ಟೆ ತಿರುಗುವಾಗ ಹುಟ್ಟುವ ಗಾಳಿಯ ಪದರದ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಒಂದು ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರ್ ಎಂಬುದನ್ನು ನೆನೆದರೆ ಆ ಅಂತರ ಎಷ್ಟು ಕಿರಿದೆಂದು ತಿಳಿಯುತ್ತದೆ.

ಬೇಕಾದ ಮಾಹಿತಿ ಇರುವ ಸಾಲಿಗೆ ಹೆಡ್ ಸರಿಯಲು ಸುಮಾರು 9 ಮಿಲಿಸೆಕೆಂಡ್ ಬೇಕು. ಆ ಜಾಗ ತಿರುಗಿಕೊಂಡು ಹೆಡ್‌ನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡ್. ಒಂದು ಫೈಲ್ ಒಂದೇ ಕಡೆ ಇದ್ದರೆ ಈ ಕಾಯುವಿಕೆ ಒಮ್ಮೆ ಮಾತ್ರ. ಅದೇ ಫೈಲ್ 200 ತುಂಡುಗಳಾಗಿ ಅಲ್ಲಲ್ಲಿ ಚದುರಿದ್ದರೆ, ಬರಿಯ ಓಡಾಟಕ್ಕೇ ಎರಡೂವರೆ ಸೆಕೆಂಡಿಗಿಂತ ಹೆಚ್ಚು ಸಮಯ ವ್ಯರ್ಥವಾಗುತ್ತದೆ. ಈ ಚದುರಿದ ತುಂಡುಗಳನ್ನು ಒಂದೆಡೆ ಸೇರಿಸುವ ಕೆಲಸಕ್ಕೆ ಡಿಫ್ರಾಗ್ ಎನ್ನುತ್ತಾರೆ. ವಿಂಡೋಸ್ ಇದನ್ನು ವಾರಕ್ಕೊಮ್ಮೆ ತಾನಾಗಿಯೇ ಮಾಡಿಕೊಳ್ಳುತ್ತದೆ, ಆದ್ದರಿಂದ ಇದಕ್ಕಾಗಿ ಹಣ ಕೊಟ್ಟು ಬೇರೆ ಸಾಫ್ಟ್‌ವೇರ್ ಕೊಳ್ಳುವ ಅಗತ್ಯವಿಲ್ಲ. ಆದರೆ ನಮ್ಮಲ್ಲಿ ಬಹಳ ಮನೆಗಳಲ್ಲಿ ಕೆಲಸ ಮುಗಿದ ಕೂಡಲೇ ಸ್ವಿಚ್ ಆರಿಸುವ ರೂಢಿ ಇರುವುದರಿಂದ, ಕಂಪ್ಯೂಟರ್ ಸುಮ್ಮನಿರುವ ಹೊತ್ತಿನಲ್ಲಿ ನಡೆಯಬೇಕಾದ ಆ ಕೆಲಸ ತಿಂಗಳುಗಟ್ಟಲೆ ಬಾಕಿ ಉಳಿಯಬಹುದು.

ದೃಶ್ಯ: ಪರದೆಯಲ್ಲಿ ಸ್ಟಾರ್ಟ್ ಮೆನು. ‘ಡಿಫ್ರಾಗ್‌ಮೆಂಟ್’ ಎಂದು ಬರೆದು ಹುಡುಕುವುದು. ತೆರೆದ ಪಟ್ಟಿಯಲ್ಲಿ ಕೊನೆಯ ಬಾರಿ ನಡೆದ ದಿನಾಂಕದ ಮೇಲೆ ಗುರುತು.

ಇಲ್ಲಿ ದಿನಾಂಕ ಹಳೆಯದಾಗಿದ್ದರೆ ಆಪ್ಟಿಮೈಜ್ ಒತ್ತಿ, ಒಂದು ರಾತ್ರಿ ಬಿಟ್ಟುಬಿಡಿ. ಪಕ್ಕದ ಕಾಲಂನಲ್ಲಿ ಸಾಲಿಡ್ ಸ್ಟೇಟ್ ಡ್ರೈವ್ ಎಂದಿದ್ದರೆ ಅದು ಎಸ್‌ಎಸ್‌ಡಿ. ಅದು ಮಾಹಿತಿಯನ್ನು ಚಿಪ್ಪುಗಳಲ್ಲಿ ಇಡುತ್ತದೆ, ತಿರುಗುವ ತಟ್ಟೆಯೇ ಇಲ್ಲದ್ದರಿಂದ ಹೊರಗಿನ ಸಾಫ್ಟ್‌ವೇರ್‌ನಿಂದ ಡಿಫ್ರಾಗ್ ಮಾಡಿಸಿದರೆ ಇಷ್ಟೇ ಸಲ ಬರೆಯಬಹುದೆಂಬ ಅದರ ಆಯುಷ್ಯ ಸವೆಯುವುದೇ ಹೊರತು ವೇಗ ಬರುವುದಿಲ್ಲ.

ಡಿಸ್ಕನ್ನು ಕಂಠಮಟ್ಟ ತುಂಬಬೇಡಿ. ತಟ್ಟೆಯ ಹೊರ ಅಂಚಿನ ಸಾಲುಗಳು ಉದ್ದವಾಗಿರುವುದರಿಂದ ಅಲ್ಲಿ ಒಂದು ಸುತ್ತಿಗೆ ಹೆಚ್ಚು ಮಾಹಿತಿ ಸಿಗುತ್ತದೆ, ಒಳಗಿನ ಸಾಲುಗಳಲ್ಲಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬರವಣಿಗೆ ಸಾಮಾನ್ಯವಾಗಿ ಹೊರಗಿನಿಂದ ಒಳಕ್ಕೆ ಸಾಗುವುದರಿಂದ, ತುಂಬಿದ ಡಿಸ್ಕಿನಲ್ಲಿ ಹೊಸ ಫೈಲುಗಳಿಗೆ ಉಳಿಯುವುದು ಆ ನಿಧಾನದ ಜಾಗವೇ. ನೂರಕ್ಕೆ 15ರಿಂದ 20 ಭಾಗ ಖಾಲಿ ಇರಲಿ.

ಈಗ ನಮ್ಮ ಊರಿಗೆ ಸಂಬಂಧಿಸಿದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಸಾಫ್ಟ್‌ವೇರ್‌ಗಿಂತ ಇದೇ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬಹುತೇಕ ಡೆಸ್ಕ್‌ಟಾಪ್ ಡಿಸ್ಕುಗಳಿಗೆ ತಯಾರಕರು ಹಾಕಿರುವ ಗರಿಷ್ಠ ಮಿತಿ 60 ಡಿಗ್ರಿ. ಮುಚ್ಚಿದ ಕ್ಯಾಬಿನೆಟ್ಟಿನೊಳಗಿನ ಡಿಸ್ಕ್ ಕೋಣೆಗಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚು ಬಿಸಿಯಾಗುವುದು ಸಹಜ. 38 ಡಿಗ್ರಿಯ ಕೋಣೆಯಲ್ಲಿ ಅದು ಎಲ್ಲಿಗೆ ಮುಟ್ಟುತ್ತದೆಂದು ನೀವೇ ಲೆಕ್ಕ ಹಾಕಬಹುದು.

ಧೂಳು ಈ ಬಿಸಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಧೂಳು ಡಿಸ್ಕಿನೊಳಗೇ ಹೋಗಿ ಕೆಡಿಸುತ್ತದೆ ಎಂದು ಹಲವರು ತಿಳಿದಿದ್ದಾರೆ, ಆದರೆ ಹಾಗಲ್ಲ. ಸಾಮಾನ್ಯ ಡಿಸ್ಕಿನ ಮೈಮೇಲೆ ಗಾಳಿಯ ಒತ್ತಡ ಸರಿದೂಗಿಸಲು ಒಂದು ಸಣ್ಣ ರಂಧ್ರವಿರುತ್ತದೆ, ಅದರ ಹಿಂದೆ ಫಿಲ್ಟರ್ ಇರುತ್ತದೆ. ಆ ರಂಧ್ರದ ಮೇಲೆ ಟೇಪ್ ಅಂಟಿಸಬಾರದು. ಧೂಳು ಕೆಡಿಸುವುದು ಫ್ಯಾನನ್ನು ಮತ್ತು ಗಾಳಿಯ ದಾರಿಯನ್ನು. ತೊಗರಿ ರಾಶಿಯ ಕಾಲದಲ್ಲಿ ಹೊಟ್ಟು ಗಾಳಿಯಲ್ಲಿ ತೇಲುತ್ತದೆ, ದಾಲ್ ಮಿಲ್ಲುಗಳ ಹತ್ತಿರದ ಮನೆಗಳಲ್ಲಂತೂ ವರ್ಷವಿಡೀ ಇದೇ ಪಾಡು. ಕ್ಯಾಬಿನೆಟ್ಟನ್ನು ಶಹಾಬಾದ್ ಕಲ್ಲಿನ ನೆಲದ ಮೇಲೆಯೇ ಇಟ್ಟರೆ ಕಸಬರಿಗೆ ಎಬ್ಬಿಸಿದ ಧೂಳೆಲ್ಲ ಅದರ ಮುಂಭಾಗದಿಂದ ಒಳಗೆ ಹೋಗುತ್ತದೆ, ಆದ್ದರಿಂದ ಒಂದು ಅಡಿಯಷ್ಟಾದರೂ ಎತ್ತರದ ಮಣೆ ಅಥವಾ ಸ್ಟೂಲಿನ ಮೇಲೆ ಇಡಿ.

ರಾಶಿ ಮುಗಿದ ಮೇಲೆ ಒಮ್ಮೆ, ಬೇಸಿಗೆಯ ನಡುವೆ ಒಮ್ಮೆ, ಪ್ಲಗ್ ಕಿತ್ತು ಪಕ್ಕದ ಮುಚ್ಚಳ ತೆಗೆದು ಬ್ಲೋವರ್‌ನಿಂದ ಊದಿಸಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಅದು ವಿಪರೀತ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಇನ್ನೊಂದು ಮಾತು: ಸೆಖೆಯೆಂದು ಏರ್ ಕೂಲರ್ ಅನ್ನು ನೇರವಾಗಿ ಕ್ಯಾಬಿನೆಟ್ಟಿನ ಕಡೆ ತಿರುಗಿಸಬೇಡಿ. ಕೂಲರ್ ತರುವುದು ತೇವದ ಗಾಳಿ. ಅದು ಧೂಳಿನೊಂದಿಗೆ ಸೇರಿ ಒಳಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಊದಿದರೂ ಬಿಡುವುದಿಲ್ಲ.

ದೃಶ್ಯ: ಯುಪಿಎಸ್‌ನ ಹಿಂಭಾಗ, ಪ್ಲಗ್ ಹಾಕುವ ಕೈ.

ಕರೆಂಟ್ ಹಠಾತ್ತನೆ ಹೋದಾಗ, ಇನ್ನೂ ತಿರುಗುತ್ತಿರುವ ತಟ್ಟೆಯ ಉಳಿದ ವೇಗದಿಂದಲೇ ಡಿಸ್ಕ್ ಅಲ್ಪ ವಿದ್ಯುತ್ ಪಡೆದು ಹೆಡ್ಡನ್ನು ಅವಸರದಲ್ಲಿ ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಜಾಣತನದ ಏರ್ಪಾಡು ಅದು, ಆದರೆ ತುರ್ತಿಗೆಂದು ಮಾಡಿದ್ದು. ದಿನಕ್ಕೆ ನಾಲ್ಕು ಸಲ ಅದನ್ನು ಬಳಸಿದರೆ ಸವೆತ ಹೆಚ್ಚುತ್ತದೆ. ಬರೆಯುತ್ತಿದ್ದ ಫೈಲ್ ಅರ್ಧಕ್ಕೆ ನಿಲ್ಲುವುದು ಬೇರೆ. 600 ವಿಎ ಸಾಮರ್ಥ್ಯದ ಯುಪಿಎಸ್, ಅಂದರೆ ಕರೆಂಟ್ ಹೋದಾಗ ಬ್ಯಾಟರಿಯಿಂದ ವಿದ್ಯುತ್ ಕೊಡುವ ಪೆಟ್ಟಿಗೆ, ಸಾಮಾನ್ಯ ಮನೆಯ ಕಂಪ್ಯೂಟರಿಗೆ ಕೆಲವು ನಿಮಿಷ ಕೊಡುತ್ತದೆ. ಫೈಲ್ ಉಳಿಸಿ ಸರಿಯಾಗಿ ಶಟ್ ಡೌನ್ ಮಾಡಲು ಅಷ್ಟು ಸಾಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರಲ್ಲಿ ಕರೆಂಟ್ ಹೋದ ಕ್ಷಣವೇ ಬ್ಯಾಟರಿಗೆ ಬದಲಾಗುವ ಯುಪಿಎಸ್ ಮೋಡ್ ಇದೆಯೇ ಎಂದು ನೋಡಿ, ಇದ್ದರೆ ಹಾಕಿಕೊಳ್ಳಿ.

ಇನ್ನು ಡಿಸ್ಕಿನ ಸ್ವಂತ ವರದಿ. ಪ್ರತಿ ಡಿಸ್ಕಿನಲ್ಲೂ ಸ್ಮಾರ್ಟ್ ಎಂಬ ದಾಖಲೆ ಇರುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ತೆರೆದು ತೋರಿಸುತ್ತದೆ. ಮೇಲೆ ತಾಪಮಾನ ಕಾಣುತ್ತದೆ. 50 ದಾಟಿದ್ದರೆ ಈಗ ಹೇಳಿದ ಸ್ವಚ್ಛತೆಯ ಕೆಲಸವನ್ನು ಅಂದೇ ಮಾಡಿ. ಕೆಳಗಿನ ಪಟ್ಟಿಯಲ್ಲಿ ಮೂರು ಸಾಲು ಗಮನಿಸಿ: 05, ಸಿ5, ಸಿ6. 05 ಎಂದರೆ ಕೆಟ್ಟ ಜಾಗವನ್ನು ಬಿಟ್ಟು ಮೀಸಲು ಜಾಗಕ್ಕೆ ಬದಲಾಯಿಸಿಕೊಂಡ ಲೆಕ್ಕ. ಸಿ5 ಎಂದರೆ ಓದಲು ಬಾರದೆ ತೀರ್ಮಾನಕ್ಕಾಗಿ ಕಾಯುತ್ತಿರುವ ಜಾಗಗಳು. ಸಿ6 ಎಂದರೆ ಸರಿಪಡಿಸಲಾಗದ ದೋಷಗಳು. ಮೂರರಲ್ಲೂ ‘ರಾ ವ್ಯಾಲ್ಯೂಸ್’ ಕಾಲಂನಲ್ಲಿ ಸೊನ್ನೆ ಇರಬೇಕು. ಒಂದು ಜಾಗ ಓದಲು ಬಾರದಾಗ ಡಿಸ್ಕ್ ಮತ್ತೆ ಮತ್ತೆ ಯತ್ನಿಸುತ್ತ ಹಲವು ಸೆಕೆಂಡು ಅಲ್ಲೇ ನಿಲ್ಲುತ್ತದೆ, ನಮಗೆ ಅದು ಕಂಪ್ಯೂಟರ್ ಹ್ಯಾಂಗ್ ಆದಂತೆ ಕಾಣುತ್ತದೆ. ನಮ್ಮ ಮನೆಯಲ್ಲಿ ಆಗಿದ್ದು ಇದೇ.

ಈ ಅಂಕಿಗಳು ಏರುತ್ತಿದ್ದರೆ ದಯವಿಟ್ಟು ಡಿಫ್ರಾಗ್ ಮಾಡಬೇಡಿ, ದೋಷ ಹುಡುಕಿ ಸರಿಪಡಿಸುವ ಚೆಕ್ ಡಿಸ್ಕ್ ಓಡಿಸಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ. ಇವೆಲ್ಲ ಕೆಡುತ್ತಿರುವ ಡಿಸ್ಕಿನಿಂದ ಗಂಟೆಗಟ್ಟಲೆ ದುಡಿಸಿಕೊಳ್ಳುವ ಕೆಲಸಗಳು. ಮೊದಲು ಫೋಟೊ, ಪಹಣಿ, ಮಕ್ಕಳ ಅಂಕಪಟ್ಟಿ ಇಂಥವನ್ನು ಬೇರೆ ಕಡೆ ನಕಲು ಮಾಡಿ. ಟಕ್ ಟಕ್ ಸದ್ದು ಶುರುವಾಗಿದ್ದರೆ ಕೂಡಲೇ ಆರಿಸಿ, ಡೇಟಾ ರಿಕವರಿ ತಿಳಿದವರಿಗೆ ಕೊಡಿ.

ಮೂರೂ ಸೊನ್ನೆ ಇದ್ದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಸದಾ ನೂರಕ್ಕೆ ನೂರು ತೋರಿಸುತ್ತಿದ್ದರೆ, ಪಕ್ಕದ ಮೆಮೊರಿ (ಅಂದರೆ ರ‍್ಯಾಮ್) ಕಾಲಂ ನೋಡಿ. 4 ಜಿಬಿ ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕನ್ನೇ ಮೆಮೊರಿಯಂತೆ ಬಳಸುತ್ತದೆ. ಅಂಥಲ್ಲಿ ರ‍್ಯಾಮ್ ಹೆಚ್ಚಿಸಬೇಕು, ಸಾಧ್ಯವಾದರೆ ವಿಂಡೋಸ್ ಅನ್ನು ಎಸ್‌ಎಸ್‌ಡಿಗೆ ವರ್ಗಾಯಿಸಬೇಕು. ಹಳೆಯ ಕಂಪ್ಯೂಟರಿಗೆ ಇದಕ್ಕಿಂತ ದೊಡ್ಡ ಉಪಕಾರ ನನಗೆ ಕಂಡಿಲ್ಲ.

ಆಗ ಕಳಚಿದ ಹಳೆಯ ಡಿಸ್ಕ್ ಆರೋಗ್ಯವಾಗಿದ್ದರೆ ಅದನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿ ಬ್ಯಾಕಪ್‌ಗೆ ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಅಪ್ಪಾಜಿ ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು ನಿಂಬೆಹಣ್ಣು ಕಟ್ಟುತ್ತಾರೆ. ಅದೇ ದಿನ ನಾನು ಅಲ್ಮಾರಿಯಿಂದ ಬ್ಯಾಕಪ್ ಡಿಸ್ಕ್ ತೆಗೆದು, ಸ್ಮಾರ್ಟ್ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆ ತಿಂಗಳ ಫೋಟೊಗಳನ್ನು ನಕಲು ಮಾಡುತ್ತೇನೆ.

ದೃಶ್ಯ: ನೋಟ್‌ಬುಕ್ಕಿನ ಪುಟ. ತಿಂಗಳುಗಳ ಎದುರು ಸಾಲಾಗಿ ಸೊನ್ನೆಗಳು. ನಕಲು ಮುಗಿದು, ಕೈಯೊಂದು ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಅಲ್ಮಾರಿಯಲ್ಲಿಡುತ್ತದೆ.